ಯೋಚನೆ ಮಾಡುವ ಕಂಪ್ಯೂಟರ್

ಹಿರಿಯೂರಿನ ತೆಂಗಿನಕಾಯಿ ಮಂಡಿಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಹಿರಿಯ ಗುಮಾಸ್ತರಿಗೆ ಕಂಪ್ಯೂಟರ್ ಬಗ್ಗೆ ಇದ್ದದ್ದು ಒಂದೇ ಅಭಿಪ್ರಾಯ. ಅದು ಹ್ಯಾಂಗ್ ಆದರೆ ನಾವೆಲ್ಲ ಸಿಕ್ಕ ಸಿಕ್ಕ ಬಟನ್ ಕುಟ್ಟುತ್ತಿದ್ದೆವು. ಅವರು ಮಾತ್ರ ಕನ್ನಡಕ ತೆಗೆದು, ಬೀಗರ ಊಟ ಮುಗಿಯಲಿ ಎಂದು ಕಾಯುವವರಂತೆ ಕೈಕಟ್ಟಿ ಕೂತು, “ಆತುರ ಬ್ಯಾಡಪ್ಪ, ಅದು ಯೋಚ್ನೆ ಮಾಡ್ತೈತೆ” ಎನ್ನುತ್ತಿದ್ದರು. ಅದನ್ನೇ ಮೂಗಿನಲ್ಲಿ ರಾಗ ಎಳೆದು ಹೇಳಿ ಎಲ್ಲರನ್ನೂ ನಗಿಸುವುದು ನನ್ನ ನಿತ್ಯದ ಕೆಲಸ. ಸಂಬಳದ ಕೆಲಸ ಆಮೇಲೆ.

ಒಮ್ಮೆ ನಾನು ಕಾರ್ ರೇಸ್ ಆಡುತ್ತಿದ್ದಾಗ ಪರದೆಯ ಮೇಲೆ ಕಾರು ಅಲ್ಲಾಡದೆ ನಿಂತುಬಿಟ್ಟಿತು. ಅದೇ ಹೊತ್ತಿಗೆ ಸಾಹುಕಾರರು ಒಳಬಂದರು. ಆಟ ಮುಚ್ಚಲು ಎಷ್ಟು ಕುಟ್ಟಿದರೂ ಆಗಲಿಲ್ಲ. ನನ್ನ ಕೆಲಸ ಹೋಯಿತು ಅಂದುಕೊಂಡೆ.

“ಏನ್ರಿ ಇದು?” ಎಂದರು ಸಾಹುಕಾರರು.

ಗುಮಾಸ್ತರು ಕನ್ನಡಕ ತೆಗೆದು ಕೈಕಟ್ಟಿದರು. “ಆತುರ ಬ್ಯಾಡ್ರಿ ಸಾವ್ಕಾರ್ರೆ. ನಮ್ ಕಾಯಿ ಲೋಡು ಯಾವ ದಾರೀಲಿ ಹೋಗ್ಬೇಕು ಅಂತ ಯೋಚ್ನೆ ಮಾಡ್ತೈತೆ.”

ಸಾಹುಕಾರರೂ ಕುರ್ಚಿ ಎಳೆದುಕೊಂಡು ಕೈಕಟ್ಟಿ ಕೂತರು. ಮೂವರೂ ಕಾದೆವು. ಕಂಪ್ಯೂಟರ್ ಯೋಚನೆ ಮುಗಿಸಿತು. ಕಾರು ಬುರ್ರನೆ ಹೋಗಿ ಸೀದಾ ಗೋಡೆಗೆ ಗುದ್ದಿತು.

“ಆ ದಾರಿ ಬ್ಯಾಡ ಬಿಡ್ರಿ,” ಎಂದು ಸಾಹುಕಾರರು ಎದ್ದು ನನ್ನನ್ನು ದಿಟ್ಟಿಸಿದರು. “ಈ ಡ್ರೈವರ್‌ನ ಏನ್ ಮಾಡಾಣ?”

ಗುಮಾಸ್ತರು ನನ್ನ ತಲೆಯ ಮೇಲೆ ಮೆಲ್ಲಗೆ ತಟ್ಟಿದರು.

“ಆತುರ ಬ್ಯಾಡ್ರಿ. ಇದೂ ಒಂದಲ್ಲ ಒಂದಿನ ಯೋಚ್ನೆ ಮಾಡ್ತೈತೆ.”