ಬಸ್ಸು ಬಾರದ ದಾರಿಗಳು

ಪುಂಜಾಲಕಟ್ಟೆಯ ಕೂಸಪ್ಪ ಹೊಲಿಗೆ ಮೆಷೀನು ರಿಪೇರಿ ಮಾಡುವವನು. ಮೆಷೀನಿನ ಸದ್ದು ಕೇಳಿಯೇ ಅದರ ರೋಗ ಹೇಳುವವರು ಬಂಟ್ವಾಳದಲ್ಲಿ ಇಬ್ಬರು ಮೂವರು ಇದ್ದರು. ಕೂಸಪ್ಪನಿಗೆ ಸದ್ದೇ ಕೇಳುತ್ತಿರಲಿಲ್ಲ. ಇಪ್ಪತ್ತನೆಯ ವಯಸ್ಸಿನಲ್ಲಿ ಬಂದ ಜ್ವರ ಮೂರು ವಾರ ಬಿಡದೆ ಕಾಡಿ, ಹೋಗುವಾಗ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಗಿತ್ತು. ಅವನು ಮೆಷೀನಿನ ಬೆನ್ನ ಮೇಲೆ ಅಂಗೈ ಇಟ್ಟು, ಕಾಲಲ್ಲಿ ಮೆಲ್ಲಗೆ ತುಳಿದು, ಕಣ್ಣು ಮುಚ್ಚುತ್ತಿದ್ದ. ಎಲ್ಲಿ ಸವೆದಿದೆ, ಎಲ್ಲಿ ತಡೆಯುತ್ತಿದೆ ಎಂಬುದು ಕೈಗೆ ಗೊತ್ತಾಗುತ್ತಿತ್ತು. ಅವನಿಗೆ ಈ ಕೆಲಸ ಕಲಿಸಿದವರು ಬಂಟ್ವಾಳ ಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ಇದಿನಬ್ಬ ಬ್ಯಾರಿ. ಕಿವಿ ಹೋದ ಹುಡುಗನನ್ನು ಯಾರೂ ಕೆಲಸಕ್ಕೆ ಕರೆಯದಿದ್ದಾಗ, ‘ಹೊಲಿಗೆಗೆ ಕಿವಿ ಯಾಕೆ?’ ಎಂದು ತಮ್ಮ ಅಂಗಡಿಯಲ್ಲಿ ಕೂರಿಸಿಕೊಂಡಿದ್ದರು.

ಐವತ್ತೊಂದನೆಯ ಇಸವಿಯಲ್ಲಿ ಶಿರ್ತಾಡಿಯ ಸುಂದರಿಯೊಡನೆ ಅವನ ಮದುವೆಯಾಯಿತು. ಕಿವುಡನಿಗೆ ಮಗಳನ್ನು ಕೊಡುವುದಕ್ಕೆ ಅವಳ ತಾಯಿ ಸೇಸಮ್ಮನಿಗೆ ಮನಸ್ಸಿರಲಿಲ್ಲ. ಮನಸ್ಸು ಮಾಡಿದವಳು ಸುಂದರಿಯೇ. ನೋಡಲು ಬಂದ ದಿನ ಎಲ್ಲರೂ ಅವನ ಕಿವಿಯ ಹತ್ತಿರ ಬಾಯಿಟ್ಟು ಕೂಗುತ್ತಿದ್ದರೆ, ಅವಳು ಬೆಲ್ಲ ನೀರು ತಂದಿಟ್ಟು, ಅವನ ಮುಖಕ್ಕೆ ನೇರವಾಗಿ ನಿಂತು, ಸಣ್ಣ ದನಿಯಲ್ಲಿ “ಕುಡಿಯಿರಿ” ಎಂದಿದ್ದಳು. ತುಟಿ ನೋಡಿಯೇ ಅವನಿಗೆ ಅರ್ಥವಾಯಿತು. ಕೂಗಬೇಕಾಗಿಲ್ಲ, ಎದುರು ನಿಂತರೆ ಸಾಕು ಎಂದು ಅವಳಿಗೂ ಅರ್ಥವಾಯಿತು.

ಆಮೇಲಿನ ಒಂಬತ್ತು ವರ್ಷ ಆ ಜೋಡಿಯನ್ನು ನೋಡದವರು ಆ ಸುತ್ತಿನಲ್ಲಿ ಕಡಿಮೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಎಲ್ಲಿ ಮೆಷೀನು ಕೆಟ್ಟರೂ ಅವನು ಸೈಕಲ್ ತುಳಿಯುತ್ತ ಬರುತ್ತಿದ್ದ. ಹಿಂದೆ ಕ್ಯಾರಿಯರಿನಲ್ಲಿ ಸುಂದರಿ, ಅವಳ ಮಡಿಲಲ್ಲಿ ಸ್ಪಾನರ್, ಎಣ್ಣೆ ಡಬ್ಬಿ ತುಂಬಿದ ಚೀಲ. ಹೆಂಗಸು ಹಾಗೆ ಕೂತು ಹೋಗುವುದು ನೋಡಿ ನಗುವವರು ಮೊದಮೊದಲು ನಕ್ಕರು. ಹಿಂದಿನಿಂದ ಬಸ್ಸೋ ಲಾರಿಯೋ ಬಂದರೆ ಅವಳು ಅವನ ಭುಜ ಒತ್ತುತ್ತಿದ್ದಳು. ಅವನು ಮಾರ್ಗದ ಬದಿಗೆ ಸರಿದು ಕಾಲು ಊರಿ ನಿಲ್ಲುತ್ತಿದ್ದ. ಧೂಳು ಅಡಗಿದ ಮೇಲೆ ಇನ್ನೊಮ್ಮೆ ಒತ್ತಿದರೆ ಹೊರಡುವುದು. ಗಿರಾಕಿಗಳ ಮಾತು ಕೇಳಿ ಅವನಿಗೆ ತಿಳಿಸುವವಳೂ ಅವಳೇ.

ಸಂಜೆ ಮನೆಗೆ ಬಂದು ಗಂಜಿ ಉಂಡ ಮೇಲೆ ಅವಳು ದೀಪಕ್ಕೆ ಮುಖ ಕೊಟ್ಟು ಕೂರುತ್ತಿದ್ದಳು, ತುಟಿ ಕಾಣಲಿ ಎಂದು.

“ಮಡಂತ್ಯಾರಿನ ಗುಡ್ಡೆಯಲ್ಲಿ ನವಿಲು ಕೂಗಿತು. ಎರಡು ಇದ್ದವು. ನೀವು ನೋಡ್ಲಿಲ್ಲ.”

“ನಾನು ಮಾರ್ಗ ನೋಡ್ಬೇಕಲ್ಲ,” ಎನ್ನುತ್ತಿದ್ದ ಅವನು. ಕಿವಿ ಕೇಳದವನಿಗೆ ಮಾರ್ಗದಿಂದ ಕಣ್ಣು ತೆಗೆಯಲಾಗುವುದಿಲ್ಲ. ಅವರು ತಿರುಗಿದ ಊರುಗಳೆಲ್ಲ ಅವನಿಗೆ ಪರಿಚಯವಾದದ್ದು ಸುಂದರಿಯ ತುಟಿಗಳಲ್ಲಿ.

ಅರವತ್ತನೆಯ ಇಸವಿಯ ನವೆಂಬರಿನಲ್ಲಿ ಒಂದು ಬೆಳಿಗ್ಗೆ, ಎರಡು ದಿನದಿಂದ ಹೊಟ್ಟೆನೋವು ಎನ್ನುತ್ತಿದ್ದ ಸುಂದರಿ, ಇವತ್ತು ನಾನು ಬರುವುದಿಲ್ಲ ಎಂದಳು. ಅವನೂ ಹೋಗದೆ, ಬೆಳ್ತಂಗಡಿಯಿಂದ ತಂದಿದ್ದ ಒಂದು ಹಳೆಯ ಮೆಷೀನನ್ನು ಜಗಲಿಯಲ್ಲಿ ಬಿಚ್ಚಿ ಹರಡಿಕೊಂಡು ಕೂತ. ಒಳ್ಳೆಯ ಬಿಸಿಲಿತ್ತು. ಒಂದೊಂದೇ ತಿರುಪನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದ. ಮನೆಯ ಹಿಂದಿನ ಬಚ್ಚಲಿಗೆ ಹೋದವಳು ಇನ್ನೂ ಬರಲಿಲ್ಲ ಎಂದು ಅವನಿಗೆ ಅನಿಸಲೇ ಇಲ್ಲ. ಸ್ನಾನ ಮಾಡುತ್ತಿರಬೇಕು, ಪಾತ್ರೆ ತಿಕ್ಕುತ್ತಿರಬೇಕು ಎಂದುಕೊಂಡಿದ್ದ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯ ಹಾಜಬ್ಬನ ಹೆಂಡತಿ ಓಡಿಬಂದು ಅವನ ತೋಳು ಹಿಡಿದೆಳೆದಳು. ತಿರುಪುಗಳೆಲ್ಲ ಅಂಗಳಕ್ಕೆ ಚೆಲ್ಲಿದವು.

ಸುಂದರಿ ಬಚ್ಚಲಿನ ಕಲ್ಲಿನ ಮೇಲೆ ಬಿದ್ದಿದ್ದಳು. ಉಸಿರಿತ್ತು. ಹಾಜಬ್ಬ ಯಾರದೋ ಕಾರು ಹೇಳಿ ತಂದ. ಬೆಳ್ತಂಗಡಿಯ ಆಸ್ಪತ್ರೆ ಮುಟ್ಟುವ ಮೊದಲೇ ಅವಳ ಕೈ ಕೂಸಪ್ಪನ ಕೈಯಲ್ಲಿ ತಣ್ಣಗಾಯಿತು.

ಮರುದಿನ ಅಂಗಳದಲ್ಲಿ ಜನ ಸೇರಿದ್ದಾಗ ಹಾಜಬ್ಬನ ಹೆಂಡತಿ ಸೇಸಮ್ಮನ ಕೈ ಹಿಡಿದು ಅಳುತ್ತ ಹೇಳಿದಳು: “ಕರೆದದ್ದು ನನಗೆ ಕೇಳಿತ್ತು ಅಕ್ಕ. ಎರಡು ಮೂರು ಸಲ ಕೇಳಿತ್ತು. ಗಂಡನನ್ನು ಕರೀತಾಳೆ ಅಂತ ಸುಮ್ಮನಾದೆ. ಅವರಿಗೆ ಕೇಳುವುದಿಲ್ಲ ಅಂತ ನನಗೆ ಆಗ ನೆನಪೇ ಆಗ್ಲಿಲ್ಲ.”

ಸೇಸಮ್ಮ ತಲೆಯೆತ್ತಿ ಅಳಿಯನನ್ನು ನೋಡಿದಳು. “ಅವಳು ಕರೆದಿದ್ದಾಳೆ,” ಎಂದಳು. ಅವನ ಮುಖಕ್ಕೆ ನೇರವಾಗಿಯೇ ಹೇಳಿದಳು. ಒಂದಕ್ಷರ ತಪ್ಪದೆ ಅವನಿಗೆ ತಿಳಿಯಿತು. ಹದಿಮೂರನೆಯ ದಿನ ಮುಗಿಸಿ ಶಿರ್ತಾಡಿಗೆ ಹೋದ ಸೇಸಮ್ಮ ಮತ್ತೆ ಆ ಕಡೆ ಬರಲಿಲ್ಲ. ಅವನೂ ಶಿರ್ತಾಡಿಗೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು?

ಎರಡು ತಿಂಗಳು ಕಳೆದು ಕೂಸಪ್ಪ ಒಬ್ಬನೇ ಸೈಕಲ್ ಹತ್ತಿದ. ಮೊದಲಿನಷ್ಟೇ ಬಸ್ಸುಗಳಿದ್ದಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಮಾರ್ಗಕ್ಕೆ ಡಾಮರು ಬಂದಿತ್ತು, ಬಸ್ಸುಗಳು ಹೆಚ್ಚಾಗಿದ್ದವು. ಇದ್ದ ಬಸ್ಸುಗಳೂ ಒಂದನ್ನೊಂದು ಹಿಂದೆ ಹಾಕಲು ಓಡುತ್ತಿದ್ದವು. ಅವನು ಹತ್ತು ಮಾರಿಗೊಮ್ಮೆ ತಿರುಗಿ ತಿರುಗಿ ನೋಡುತ್ತ ತುಳಿಯುತ್ತಿದ್ದ. ವಗ್ಗದ ತಿರುವಿನಲ್ಲಿ ಒಂದು ದಿನ ಹಾಗೆ ಹಿಂದೆ ತಿರುಗಿ, ಮತ್ತೆ ಮುಂದೆ ನೋಡುವಷ್ಟರಲ್ಲಿ ಎದುರಿನಿಂದ ಬಂದ ಬಸ್ಸಿನ ಬದಿ ಅವನ ಮೊಣಕೈಗೆ ತಾಗಿತು. ಸೈಕಲ್ ಸಹಿತ ಚರಂಡಿಗೆ ಬಿದ್ದ. ಡ್ರೈವರ್ ಇಳಿದು ಬಂದು ಕೈಯೆತ್ತಿದ. ಎಷ್ಟು ಹಾರ್ನ್ ಹೊಡೆದರೂ ಸರಿಯದವನಿಗೆ ಇನ್ನೇನು ಮಾಡುವುದು ಎಂದು ಅವನ ಸಿಟ್ಟು. ಒಳಗಿದ್ದ ಯಾರೋ ಕಿವಿ ತೋರಿಸಿ ಹೇಳಿದ ಮೇಲೆ ಎತ್ತಿದ ಕೈಯಲ್ಲೇ ಕೂಸಪ್ಪನನ್ನು ಎಬ್ಬಿಸಿ, ಸೈಕಲ್ ನೆಟ್ಟಗೆ ಮಾಡಿಕೊಟ್ಟು ಹೋದ.

ಇದಿನಬ್ಬ ಬ್ಯಾರಿ ಅವನ ಮೊಣಕೈಗೆ ಬಟ್ಟೆ ಕಟ್ಟುತ್ತ ಹೇಳಿದರು: “ಕೂಸ, ಇನ್ನು ಸೈಕಲ್ ಬೇಡ ಮಾರಾಯ. ಬಸ್ಸಲ್ಲಿ ಬಾ.”

“ಬಸ್ಸಲ್ಲಿ ಕೂತು ನಾನು ಯಾರ ಮುಖ ನೋಡ್ಲಿ?” ಎಂದ ಕೂಸಪ್ಪ. ಅವನ ದನಿ ಎಷ್ಟು ಎತ್ತರವಿದೆ ಎಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಬಟ್ಟೆ ಹೊಲಿಸಲು ಬಂದವರು ತಿರುಗಿ ನೋಡಿದರು. “ಬಸ್ಸು ಇಲ್ಲದ ದಾರಿ ಉಂಟಾ ಬ್ಯಾರಿಗಳೇ?”

ಇದಿನಬ್ಬ ಬಟ್ಟೆಯ ಗಂಟು ಬಿಗಿದರು. “ಇಲ್ಲದೆ ಏನು? ನನ್ನ ಅಪ್ಪ ಒಣಮೀನು ಹೊತ್ತು ವೇಣೂರಿನವರೆಗೆ ಹೋಗ್ತಿದ್ದರು. ಆಗ ಈ ಮಾರ್ಗ ಯಾರಿಗೆ ಬೇಕಿತ್ತು? ಎಲ್ಲ ಒಳದಾರಿ.” ಬಟ್ಟೆ ಕತ್ತರಿಸುವ ಅಳತೆಗೆಂದು ಇಟ್ಟಿದ್ದ ಕಂದು ಕಾಗದದ ಒಂದು ಹಾಳೆ ಎಳೆದು, ಸೀಸದ ಕಡ್ಡಿಯಿಂದ ತಮಗೆ ನೆನಪಿದ್ದಷ್ಟು ಗೆರೆ ಎಳೆದುಕೊಟ್ಟರು.

ಆ ಗೆರೆಗಳಲ್ಲಿ ಅರ್ಧ ತಪ್ಪಿದ್ದವು. ಕೆಲವು ಗದ್ದೆಯ ನಡುವೆ ಮುಗಿದವು, ಒಂದು ಯಾರದೋ ಅಂಗಳಕ್ಕೆ ಹೋಗಿ ನಿಂತು ನಾಯಿ ಬೆನ್ನಟ್ಟುವಂತೆ ಮಾಡಿತು. ಕೂಸಪ್ಪ ಬಿಡಲಿಲ್ಲ. ಭಾನುವಾರ ಬಂತೆಂದರೆ ಬುತ್ತಿ ಕಟ್ಟಿಕೊಂಡು ಹೊರಟ. ಎದುರು ಸಿಕ್ಕಿದವರ ಮುಂದೆ ನಿಂತು, “ನನಗೆ ಕಿವಿ ಕೇಳುವುದಿಲ್ಲ, ಕೈಯಲ್ಲಿ ತೋರಿಸಿ, ಈ ದಾರಿ ಎಲ್ಲಿಗೆ?” ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಂಡ. ಎತ್ತಿನ ಗಾಡಿಯ ಹಳೆಯ ಜಾಡುಗಳು, ಮುರಕಲ್ಲು ಕಡಿದು ಮಾಡಿದ ಆಳದ ಓಣಿಗಳು, ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕಗಳು. ಸಂಕ ಬಂದರೆ ಸೈಕಲನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಮನೆಗೆ ಬಂದು ಕಂದು ಕಾಗದದಲ್ಲಿ ತಪ್ಪಿದ ಗೆರೆ ಅಳಿಸಿ ಹೊಸದು ಬರೆಯುತ್ತಿದ್ದ. ಮಳೆಗಾಲದಲ್ಲಿ ಯಾವುದು ಮುಳುಗುತ್ತದೆ ಎಂಬುದಕ್ಕೆ ಚುಕ್ಕೆ ಇಟ್ಟ.

ಮೊದಲು ಕೆಲವು ವಾರ ಆ ದಾರಿಗಳಲ್ಲೂ ಅವನು ತಿರುಗಿ ತಿರುಗಿ ನೋಡುತ್ತಿದ್ದ. ಹಿಂದೆ ಏನೂ ಬರುವುದಿಲ್ಲ ಎಂದು ಕುತ್ತಿಗೆಗೆ ನಂಬಿಕೆ ಬರಲು ಸಮಯ ಬೇಕಾಯಿತು. ಆ ನಂಬಿಕೆ ಬಂದ ದಿನ, ಒಂದು ಬೋಳುಗುಡ್ಡೆಯ ನೆತ್ತಿಯಲ್ಲಿ, ಅವನು ತುಳಿಯುತ್ತಲೇ ತಲೆಯೆತ್ತಿದ. ಕೆಂಪು ಕೇಪಳ ಹೂ ಗುಡ್ಡೆಯುದ್ದಕ್ಕೂ ಇತ್ತು. ಕೆಳಗೆ ಬೈಲಿನ ಗದ್ದೆಗಳು, ಆಚೆ ನೀಲಿಯಾಗಿ ಘಟ್ಟ. ಹದಿನೈದು ವರ್ಷದಿಂದ ಸೈಕಲ್ ತುಳಿದವನು ಸೈಕಲ್ ಮೇಲೆ ಕೂತು ಆಕಾಶ ನೋಡಿದ್ದು ಅದೇ ಮೊದಲು. ಅವನು ಇಳಿದು, ಸೈಕಲನ್ನು ಹುಲ್ಲಿನ ಮೇಲೆ ಮಲಗಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಅತ್ತ. ಈ ದಾರಿ ಆಗಲೂ ಇಲ್ಲೇ ಇತ್ತಲ್ಲ. ಅವಳನ್ನು ಒಂಬತ್ತು ವರ್ಷ ಧೂಳಿನಲ್ಲಿ ಕೂರಿಸಿಕೊಂಡು ಹೋದೆನಲ್ಲ. ಇಲ್ಲಿ ಕರೆತಂದಿದ್ದರೆ ಅವಳು ನೋಡಿದ್ದನ್ನು ತಾನೂ ನೋಡಬಹುದಿತ್ತಲ್ಲ.

ಅರವತ್ತಮೂರರ ಜನವರಿಯ ಹೊತ್ತಿಗೆ ಕಾಗದದ ಗೆರೆಗಳು ಫಲ್ಗುಣಿ ಹೊಳೆಯವರೆಗೆ ಬಂದಿದ್ದವು. ನೀರು ಇಳಿದಿತ್ತು. ಬಟ್ಟೆ ತೊಳೆಯುತ್ತಿದ್ದ ಒಬ್ಬಳು ಎಲ್ಲಿ ಹೆಜ್ಜೆ ಇಡಬೇಕೆಂದು ತೋರಿಸಿದಳು. ಮೊಣಕಾಲು ನೀರಿನಲ್ಲಿ ಸೈಕಲ್ ಹೊತ್ತು ದಾಟಿ, ದಡದಲ್ಲಿ ಪಂಚೆ ಹಿಂಡಿಕೊಂಡು, ಈ ದಾರಿ ಎಲ್ಲಿಗೆ ಎಂದು ಅವನು ಕೇಳಿದಾಗ, ಅಲ್ಲಿಯ ಗದ್ದೆಯಲ್ಲಿದ್ದ ಮುದುಕ ಹೇಳಿದ ಹೆಸರು ಶಿರ್ತಾಡಿ.

ಕೂಸಪ್ಪನಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಗೆರೆ ಎತ್ತ ಹೋಗುತ್ತಿದೆಯೆಂದು ಕೈಗೆ ಗೊತ್ತಿತ್ತು. ಹಿಂದೆ ಹೋಗುವ ಎಂದು ಸೈಕಲನ್ನು ಒಮ್ಮೆ ತಿರುಗಿಸಿದ್ದೂ ಉಂಟು. ಆದರೆ ಸಂಜೆಗೆ ಅವನು ಸೇಸಮ್ಮನ ಅಂಗಳದಲ್ಲಿ ನಿಂತಿದ್ದ. ಅವಳು ಸೂರಿಗೆ ಹೊದಿಸುವ ತೆಂಗಿನ ಮಡಲು ಹೆಣೆಯುತ್ತ ಕೂತಿದ್ದಳು. ಎರಡು ವರ್ಷದಲ್ಲಿ ತುಂಬ ಸಣ್ಣಗಾಗಿದ್ದಳು. ಅವನ ಒದ್ದೆ ಪಂಚೆಯನ್ನೂ, ಸೈಕಲಿನ ಕೆಸರನ್ನೂ ನೋಡಿದಳು.

“ಯಾವ ದಾರಿಯಲ್ಲಿ ಬಂದಿರಿ?”

“ಹೊಳೆ ದಾಟಿ ಬಂದೆ ಅತ್ತೆ. ಬಸ್ಸಿನ ಮಾರ್ಗ ನನಗೆ ಆಗುವುದಿಲ್ಲ.” ಅವನು ನಿಂತೇ ಇದ್ದ. “ಅವಳು ಕರೆದದ್ದು ನನಗೆ ಕೇಳ್ಲಿಲ್ಲ.”

ಸೇಸಮ್ಮ ಎದ್ದು ಒಳಗೆ ಹೋಗುವವಳಂತೆ ತಿರುಗಿದಳು. ಹೋಗಲಿಲ್ಲ. ಬಾಗಿಲ ದಾರಂದ ಹಿಡಿದು, ಅವನಿಗೆ ಬೆನ್ನು ಹಾಕಿ ನಿಂತು ಮಾತಾಡತೊಡಗಿದಳು. ಅವಳ ಬೆನ್ನು ಅಲುಗುವುದು, ಕೈ ಎದ್ದು ಬೀಳುವುದು ಅವನಿಗೆ ಕಾಣುತ್ತಿತ್ತು. ತುಂಬ ಹೊತ್ತು ಮಾತಾಡಿದಳು. ಬೈದಳೋ, ಅತ್ತಳೋ, ಹೋದದ್ದು ಹೋಯಿತೆಂದಳೋ. ಅವನು ಸುತ್ತಿ ಹೋಗಿ ಅವಳ ಮುಖ ನೋಡಬಹುದಿತ್ತು. ಹೋಗಲಿಲ್ಲ. ಏನೇ ಆದರೂ ಅದು ತನಗೆ ಸಲ್ಲಬೇಕಾದದ್ದು ಎಂದು ತಲೆ ತಗ್ಗಿಸಿ, ಅವಳು ಮುಗಿಸುವವರೆಗೆ ಕೈಕಟ್ಟಿ ನಿಂತ.

ಆಮೇಲೆ ಅವಳು ಸೆರಗಿನಿಂದ ಮುಖ ಒರೆಸಿ, ತಿರುಗಿ, ನಿಧಾನವಾಗಿ ತುಟಿ ಬಿಡಿಸಿ ಹೇಳಿದಳು: “ಕಾಲು ತೊಳೆದು ಬನ್ನಿ. ಗಂಜಿ ಉಂಟು.”

ಆ ವರ್ಷದಿಂದ ಮಳೆ ಬಿಟ್ಟ ತಿಂಗಳುಗಳಲ್ಲೆಲ್ಲ ಕೂಸಪ್ಪ ಆ ದಾರಿಯಲ್ಲಿ ಶಿರ್ತಾಡಿಗೆ ಹೋಗುತ್ತಿದ್ದ. ಅತ್ತೆ ಅಳಿಯ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಅರವತ್ತೇಳರ ಮಳೆಗಾಲದಲ್ಲಿ ಸೇಸಮ್ಮ ತೀರಿಕೊಂಡ ಸುದ್ದಿ ತಲುಪಿದಾಗ ಫಲ್ಗುಣಿ ತುಂಬಿ ಹರಿಯುತ್ತಿತ್ತು. ಅವನು ಇದಿನಬ್ಬರನ್ನು ಜೊತೆಗೆ ಕರೆದುಕೊಂಡು ಬಸ್ಸಿನಲ್ಲೇ ಹೋದ, ಮುಟ್ಟುವಾಗ ಎಲ್ಲ ಮುಗಿದಿತ್ತು. ಬೆನ್ನು ಹಾಕಿ ನಿಂತ ಆ ದಿನ ಅವಳು ಏನು ಹೇಳಿದಳೆಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.