ಗಲ್ಲಾದ ಮೇಲೆ ಗಂಜಿ ಡಬ್ಬಿ

ಮಾರಾಯ್ರೆ, ಇವತ್ತು ಮಧ್ಯಾಹ್ನ ಒಂದು ಸ್ಟೀಲ್ ಡಬ್ಬಿಯಿಂದಾಗಿ ಚೆನ್ನೈ ವಡಪಳನಿಯ ನಮ್ಮ ಹೋಟೆಲಿನ ಮಾನವೇ ಹೋಗುವುದರಲ್ಲಿತ್ತು!

ಅಪ್ಪನಿಗೆ ಡಾಕ್ಟರು ಎಣ್ಣೆ, ತುಪ್ಪ ಕಡಿಮೆ ಮಾಡಿ ಅಂದಿದ್ದಾರೆ. ಹಾಗಾಗಿ ಅಮ್ಮ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಒಂದೆಲಗದ ತಂಬುಳಿ ಡಬ್ಬಿಗೆ ಹಾಕಿ ನನ್ನ ಕೈಲಿ ಕಳಿಸಿದ್ದರು. "ಒಳಗೆ ಕೂತು ಉಣ್ಣಿ ಅಪ್ಪಾ" ಅಂದೆ. ಗಲ್ಲಾ ಬಿಟ್ಟು ಏಳುವ ಅಭ್ಯಾಸ ಅವರಿಗೆಲ್ಲಿದೆ? ಅಲ್ಲೇ ಡಬ್ಬಿ ಬಿಚ್ಚಿದರು.

ದಿನಾ ಬರುವ ರಿಟೈರ್ಡ್ ಮೇಷ್ಟ್ರೊಬ್ಬರು ಎದುರು ಟೇಬಲಲ್ಲಿ ಊಟ ಮಾಡ್ತಿದ್ದರು. ಡಬ್ಬಿ ನೋಡಿ ಜೋರಾಗಿ, "ಎನ್ನ ಸಾರ್, ಉಂಗ ಹೋಟೆಲ್ ಸಾಪ್ಪಾಡ ನೀಂಗಳೇ ಸಾಪ್ಡಮಾಟೀಂಗಳಾ?" ನಿಮ್ಮ ಹೋಟೆಲಿನ ಊಟ ನೀವೇ ಉಣ್ಣೋದಿಲ್ವಾ ಅಂತ! ಸುತ್ತಲಿನವರ ಕೈಗಳೆಲ್ಲ ತಟ್ಟೆಯಲ್ಲೇ ನಿಂತವು.

ಅಪ್ಪ ಒಮ್ಮೆ ಕೆಮ್ಮಿದರು. "ಇಲ್ಲ ಸಾರ್, ಇದು ನಮ್ಮ ಹೊಸ ಐಟಂ. ರುಚಿ ನೋಡ್ತಿದ್ದೆ" ಅಂತ ತಮಿಳಲ್ಲೇ ಒಂದು ಬುರುಡೆ ಬಿಟ್ಟರು.

"ಹಾಗಾದ್ರೆ ನಮಗೂ ಸ್ವಲ್ಪ ಕೊಡಿ" ಅಂತ ಮೇಷ್ಟ್ರು ಬಟ್ಟಲು ಚಾಚಿದರು. ಅವರು ಚಪ್ಪರಿಸಿದ್ದು ನೋಡಿ ಪಕ್ಕದ ಟೇಬಲಿನವರೂ ಚಾಚಿದರು. ಡಬ್ಬಿ ಖಾಲಿ! "ನಾಳೆ ಸಿಗುತ್ತಲ್ಲ?" ಅಂತ ಕೇಳಿಯೇ ಎಲ್ಲರೂ ಹೊರಟದ್ದು.

ಅಮ್ಮನಿಗೆ ಫೋನ್ ಮಾಡಿ, "ನಿನ್ನ ಗಂಜಿ ನಾಳೆಯಿಂದ ಹೋಟೆಲಲ್ಲೇ ಬೇಯ್ಬೇಕು!" ಅಂದೆ. ಅವರ ಖುಷಿ ಹೇಳತೀರದು. ಆಮೇಲೆ ಕೇಳಿದರು, "ಅದಿರ್ಲಿ, ಅಪ್ಪ ಎಂತ ಉಂಡ್ರು?"

ನಾನು ಗಲ್ಲಾದ ಕಡೆ ನೋಡಿದೆ. ಅಪ್ಪ ತುಪ್ಪದ ಮಸಾಲೆ ದೋಸೆಯ ಕೊನೆಯ ತುಂಡು ಬಾಯಿಗಿಡುತ್ತಾ, ಹೇಳಬೇಡ ಅಂತ ಕಣ್ಣಲ್ಲೇ ಬೇಡಿಕೊಂಡರು.

ಆರೋಗ್ಯ ಮುಖ್ಯ ಮಾರಾಯ್ರೆ. ಇವತ್ತಿನ ಮಟ್ಟಿಗೆ, ಗಿರಾಕಿಗಳದ್ದು.