ಮಂತ್ರಿಯನ್ನು ಇಳಿಸಿದ ಹೊರಸು

ನನ್ನ ಸೋದರಮಾವ ಒಬ್ಬ ಮಂತ್ರಿಯನ್ನು ಕುರ್ಚಿಯಿಂದ ಇಳಿಸಿದ್ದಾರೆಂದು ನನಗೆ ಗೊತ್ತಾದದ್ದು ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ.

ಇಂಡಿ ಬಸ್ಸು ಎಂದಿನಂತೆ ಬಂದಿರಲಿಲ್ಲ. ಹೊತ್ತು ಹೋಗಲೆಂದು ಒಂದು ಪುಸ್ತಕ ಕೊಂಡೆ. ರಾಜಕೀಯದ ಒಳಗುಟ್ಟುಗಳನ್ನು ಬಯಲಿಗೆಳೆಯುವ, ಈಗ ಎಲ್ಲರ ಬಗಲಲ್ಲೂ ಕಾಣುವ ಪುಸ್ತಕ. (ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಕೊಳ್ಳುತ್ತೀರಿ.) ಓದುತ್ತ ಓದುತ್ತ ಒಂದು ಪುಟವನ್ನು ಎರಡು ಸಲ ಓದಿದೆ. ಇಂಗಳೇಶ್ವರದ ಮಲ್ಲಪ್ಪನವರ ಮನೆಯಲ್ಲಿ, ಮಧ್ಯರಾತ್ರಿ, ಬಾಗಿಲು ಭದ್ರಪಡಿಸಿ, ಮಟನ್ನು ವಿಸ್ಕಿಗಳ ಸಮ್ಮುಖದಲ್ಲಿ, ಮಂತ್ರಿಯೊಬ್ಬರನ್ನು ಇಳಿಸುವ ಸಂಚು ನಡೆಯಿತಂತೆ! ಸಂಚಿನ ಮುಖಂಡರು ಹಗ್ಗ ಹೆಣೆದ ಮಂಚದ, ಅಂದರೆ ನಮ್ಮ ಹೊರಸಿನ, ಮೇಲೆ ಕೂತು ಎಲ್ಲರಿಂದ ಆಣೆ ಮಾಡಿಸಿದರಂತೆ.

ಮಲ್ಲಪ್ಪನವರೆಂದರೆ ನಮ್ಮ ಮಾವ. ಈ ಅಂಕಣ ಓದುವ ನಿಮಗೆ ಅವರು ಹೊಸಬರಲ್ಲ. ರೇಡಿಯೋ ಬಿಚ್ಚಿಟ್ಟು ಮತ್ತೆ ಜೋಡಿಸಲಾರದೆ ಹೋದವರು, ನೆನಪಿದೆಯಲ್ಲ? ಅವರು ಮಂತ್ರಿಯನ್ನು ಬಿಚ್ಚಿದರೇ?

ಆ ದಿನ ನಾನೂ ಅಲ್ಲಿದ್ದೆ. ಮಧ್ಯರಾತ್ರಿಯಲ್ಲ, ರಣರಣ ಮಧ್ಯಾಹ್ನ. ಮುಖಂಡರ ಜೀಪು ಊರ ಹೊರಗೆ ಕೆಟ್ಟು ನಿಂತಿತ್ತು. ಮಾವ ಅವರನ್ನೂ ಅವರ ಇಬ್ಬರು ಹಿಂಬಾಲಕರನ್ನೂ ಮನೆಗೆ ಕರೆತಂದರು. ಅತ್ತೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮಜ್ಜಿಗೆ ಬಡಿಸಿದರು. ಮುಖಂಡರು ಉಂಡರು. ಹಿಂಬಾಲಕರನ್ನು ಜೀಪಿನ ಕಡೆ ಕಳಿಸಿ, ಹೊರಸಿನ ಮೇಲೆ ಅಡ್ಡಾದರು. ಜೀಪು ರಿಪೇರಿಯಾಗುವ ತನಕ ಗೊರಕೆ ಹೊಡೆದರು. ಎದ್ದು, ಮುಖ ತೊಳೆದು, ಹೊರಟುಹೋದರು. ಅವರು ಆ ಮನೆಯಲ್ಲಿ ಆಡಿದ ಒಂದೇ ಒಂದು ರಾಜಕೀಯ ಮಾತೆಂದರೆ, “ಇನ್ನೊಂದು ರೊಟ್ಟಿ ಹಾಕ್ರೆವ್ವಾ.”

ಮಟನ್ನು? ಅದು ಉಳ್ಳಾಗಡ್ಡಿಯಿಂದ ಮುಂದೆ ಹೋಗದ ಮನೆ. ವಿಸ್ಕಿ? ಆಗ ಪಾನನಿರೋಧವಿದ್ದ ನಮ್ಮ ಜಿಲ್ಲೆಯಲ್ಲಿ ಅದು ಯಾವ ಅಂಗಡಿಯಲ್ಲಿ ಸಿಕ್ಕಿತೋ, ಲೇಖಕರು ಅಡ್ರೆಸ್ಸಾದರೂ ಕೊಡಬಹುದಿತ್ತು. ಇದೆಲ್ಲ “ನಂಬಲರ್ಹ ಮೂಲ”ಗಳಿಂದ ತಿಳಿಯಿತೆಂದು ಬರೆದಿದ್ದಾರೆ. ಆ ಪಡಸಾಲೆಯಲ್ಲಿ ಅವತ್ತು ಎಚ್ಚರವಿದ್ದದ್ದು ನಾನು, ಮಾವ ಮತ್ತು ಮನೆಯ ಬೆಕ್ಕು. ನಾನು ಹೇಳಿಲ್ಲ. ಮಾವ ಹೇಳಿಲ್ಲ.

ನಕ್ಕು ಮರೆಯಬಹುದಿತ್ತು. ಆದರೆ ಮಾವನ ಮಗಳು ಗಿರಿಜಾಳಿಗೆ ಮುದ್ದೇಬಿಹಾಳದ ಗಂಡು ಗೊತ್ತಾಗಿತ್ತು. ಹುಡುಗ ಸರ್ಕಾರಿ ಓವರ್‌ಸಿಯರ್. ಗಿರಿಜಾಳಿಗೂ ಒಪ್ಪಿಗೆಯಾಗಿದ್ದ ಹುಡುಗ. ಪುಸ್ತಕ ಮುದ್ದೇಬಿಹಾಳಕ್ಕೂ ಹೋಗಿತ್ತು. ಬೀಗರಾಗಬೇಕಾದವರಿಂದ ಹೇಳಿಕೆ ಬಂತು: “ಸದ್ಯಕ್ಕ ಲಗ್ನದ ಮಾತು ಬ್ಯಾಡ. ನಿಮ್ಮ ಮನ್ಯಾಗ ಏನೇನೋ ನಡೀತೈತಂತ.”

“ನಡದಿಲ್ಲಂತ ಹೇಳಿ ಕಳಸ್ರಿ ಮಾಮಾ” ಎಂದೆ.

“ಹೇಳಿದ್ನೋ ತಮ್ಮಾ. ಅಚ್ಚಾಗೇತಲ್ರಿ ಅಂತಾರ. ಅಚ್ಚಾಗಿದ್ದಕ್ಕ ನಾ ಏನ್ ಹೇಳ್ಲಿ?”

ಅತ್ತೆಯ ಸಿಟ್ಟೇ ಬೇರೆ. “ನನ್ನ ಎಣ್ಣಿಗಾಯಿಗೆ ಮಟನ್ ಅಂತ ಬರದಾರಲ್ಲ, ಅವರ ಕೈ ಸೇದಿಹೋಗ್ಲಿ!”

ನಾನು ಲೇಖಕನಲ್ಲವೇ? ಪುಸ್ತಕದ ಈ ಭಾಗವನ್ನು ಅಚ್ಚು ಹಾಕಿದ್ದ ಪತ್ರಿಕೆಗೆ (ಈ ಪತ್ರಿಕೆಯಲ್ಲ, ಸಂಪಾದಕರು ಗಾಬರಿಯಾಗಬಾರದು) ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದೆ. ಅವರೂ ಪ್ರಕಟಿಸಿದರು. ದಪ್ಪ ಅಕ್ಷರದ ತಲೆಬರಹ: ‘ರಹಸ್ಯ ಸಭೆ: ಕಡೆಗೂ ಬಾಯಿಬಿಟ್ಟ ಮನೆಯವರು!’ ಕೆಳಗೆ, ಮುಖಂಡರು ಬಂದದ್ದು ನಿಜವೆಂದು ಒಪ್ಪಿಕೊಂಡ ಮನೆಯವರು ಸಂಚಿನ ವಿವರ ನೀಡಲು ನಿರಾಕರಿಸಿದ್ದಾರೆ ಎಂದಿತ್ತು. ಎಣ್ಣೆಗಾಯಿಯ ಸುದ್ದಿಯೇ ಇಲ್ಲ. ಅತ್ತೆ ನನ್ನ ಜೊತೆ ಮಾತು ಬಿಟ್ಟರು.

ಇಂಥದ್ದನ್ನೇ ದಿನಾ ಚಹಾದ ಜೊತೆ ನಾವು ಚಪ್ಪರಿಸುತ್ತೇವಲ್ಲ? ಯಾರ ಮನೆಯದೋ ಆದರೆ ರುಚಿ. ನಮ್ಮ ಮನೆಯದೇ ಆದಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಅದಾಗಿ ಕೆಲವೇ ದಿನಕ್ಕೆ ಹುಡುಗನ ತಂದೆ ಗೌಡರು ತಾವೇ ಬಸ್ಸು ಹತ್ತಿ ಬಂದರು. ಸಂಬಂಧ ಮುರಿಯಲಿಕ್ಕೇ ಬಂದರೆಂದು ನಾವೆಲ್ಲ ಅಂದುಕೊಂಡೆವು. ಗೌಡರು ಪಡಸಾಲೆಗೆ ಕಾಲಿಟ್ಟವರೇ ಹೊರಸನ್ನು ನೋಡಿದರು. ಕೈಯಿಂದ ಮುಟ್ಟಿದರು.

“ಇದಽ ಏನ್ರಿ ಅದು?”

ಮಾವ ಹೌದೆಂದರು. (ಹೊರಸಂತೂ ಅದೇ ತಾನೆ?) ಗೌಡರು ದನಿ ತಗ್ಗಿಸಿದರು. “ಹುಡುಗ ಚಾಮರಾಜನಗರದಾಗ ರಾಗಿ ಮುದ್ದಿ ನುಂಗಿ ನುಂಗಿ ಅರ್ಧ ಆಗ್ಯಾನ್ರಿ. ಈ ಕಡೆ ಒಂದು ಟ್ರಾನ್ಸ್‌ಫರ್ ಮಾಡಿಸಿಬಿಡ್ರಿ. ಮುಂದಿನ ತಿಂಗಳ ಲಗ್ನ ಇಟ್ಕೊಳ್ಳೂಣು. ಮಂತ್ರೀನ್ನ ಇಳಿಸಿದವರಿಗೆ ಇದೇನ್ ದೊಡ್ಡದ್ರಿ?”

“ಮತ್ತ... ಆ ಮಟನ್ನು?” ಎಂದೆ ನಾನು, ತಡೆಯಲಾರದೆ.

“ರಾಜಕಾರಣ ಅಂದ ಮ್ಯಾಲ ಅದೆಲ್ಲಾ ಇರೂದ ಬಿಡ್ರಿ.”

ಮಾವ ನನ್ನ ಮುಖ ನೋಡಿದರು. ಹೂಂ ಅಂದರೆ ಮಗಳ ಮದುವೆ. ಊಹೂಂ ಅಂದರೆ ಮಗಳು ಮನೆಯಲ್ಲೇ. ಹೂಂ ಅಂದುಬಿಡಲಿ ಎಂದು ನಾನೇ ಮನಸ್ಸಿನಲ್ಲಿ ಬೇಡಿಕೊಂಡೆ. (ಸತ್ಯದ ಬಗ್ಗೆ ವಾರವಾರ ನಿಮಗೆ ಉಪದೇಶ ಮಾಡುವ ನಾನು!)

ಅಷ್ಟರಲ್ಲಿ ಗಿರಿಜಾ ಚಹಾ ತಂದಿಟ್ಟಳು. ಒಳಗೆ ಹೋಗಲಿಲ್ಲ.

“ಅಪ್ಪಾ, ಸುಳ್ಳು ಹೇಳಿ ನನ್ನ ಲಗ್ನ ಮಾಡಬ್ಯಾಡ್ರಿ” ಎಂದು ಗೌಡರತ್ತ ತಿರುಗಿದಳು. “ಅವರು ಬಂದ್ರು, ಉಂಡ್ರು, ಮಕ್ಕೊಂಡ್ರು, ಹೋದ್ರು. ಮತ್ತೇನೂ ಆಗಿಲ್ರಿ. ನಮ್ಮಪ್ಪನ ಕಡೆಯಿಂದ ಟ್ರಾನ್ಸ್‌ಫರ್ ಆಗೂದಿಲ್ಲ. ಲಗ್ನ ಬ್ಯಾಡಾದ್ರ ಈಗಿಂದೀಗ ಹೇಳಿ ಹೋಗ್ರಿ.”

ಗೌಡರು ಅವಳನ್ನೇ ದಿಟ್ಟಿಸಿದರು. ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು.

“ಶಾಬಾಸ್! ಹೆಣ್ಮಕ್ಕಳೂ ಗುಟ್ಟು ಬಿಟ್ಟುಕೊಡೂದಿಲ್ಲ ನೋಡ್ರಿ! ಇಂಥಾ ಮನೀನ ಬೇಕಾಗಿತ್ತು ನಮಗ.”

ಲಗ್ನ ಭರ್ಜರಿಯಾಗಿಯೇ ಆಯಿತು. ಹುಡುಗ ಯಾವಾಗಲೋ ಕೊಟ್ಟಿದ್ದ ಅರ್ಜಿಗೆ ಸರದಿ ಬಂದು, ಮಾವನ ಊರಿನ ಹತ್ತಿರದ ಬಸವನ ಬಾಗೇವಾಡಿಗೇ ವರ್ಗವೂ ಆಯಿತು. ಸರದಿ ಬಂದದ್ದೆಂದು ಅವನು ಎಲ್ಲರಿಗೂ ಹೇಳಿದ. ಯಾರು ನಂಬುತ್ತಾರೆ? ಈಗ ದಿನಾ ಯಾರಾದರೊಬ್ಬರು ವರ್ಗದ ಕೆಲಸ ಹಿಡಿದು ಮಾವನ ಮನೆಗೆ ಬರುತ್ತಾರೆ, ಹೊರಸು ನೋಡುತ್ತಾರೆ. ಅತ್ತೆ ಅದಕ್ಕೆ ಹೊಸ ಹಗ್ಗ ಹೆಣೆಸಿದ್ದಾರೆ.

ಮೊನ್ನೆ ಮಾವ ಸಿಂದಗಿಯ ನಮ್ಮ ಮನೆಗೆ ಬಂದಿದ್ದರು. ಊಟವಾಯಿತು. ಎಲೆ ಅಡಿಕೆ ಹಾಕಿಕೊಂಡರು. ಆಮೇಲೆ ಅತ್ತಿತ್ತ ನೋಡಿ, ನನ್ನ ಹತ್ತಿರ ಸರಿದು, ಮೆಲ್ಲಗೆ ಕೇಳಿದರು:

“ತಮ್ಮಾ, ನೀನೂ ಇದ್ದೆಲ್ಲ... ಅವತ್ತ ಹೊರಸಿನ ಮ್ಯಾಲ ಅವರು ಖರೇನ ನಿದ್ದಿ ಹತ್ತಿ ಮಕ್ಕೊಂಡಿದ್ರೇನೋ?”